ಆ ನೋಟ್‌ಬುಕ್ಕಿಗೆ ಬಹುಮಾನ ಯಾಕೆ ಬರಲಿಲ್ಲ?

"ಮಾಡೆಲ್ ಎಲ್ಲಮ್ಮಾ?"

ಶಿಡ್ಲಘಟ್ಟದ ಕಡೆ ಒಂದು ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ನಿನ್ನೆ ತೀರ್ಪುಗಾರರೊಬ್ಬರು ಕೇಳಿದ ಪ್ರಶ್ನೆ ಇದು. ರಾತ್ರಿ ಊಟ ಸೇರಲಿಲ್ಲ ನನಗೆ. ಸಿಟ್ಟು ಇನ್ನೂ ಇಳಿದಿಲ್ಲ.

ಕೇಳಿಸಿಕೊಂಡವಳು ಎಂಟನೇ ತರಗತಿ ಹುಡುಗಿ. ಅವಳ ಮೇಜಿನ ಮೇಲೆ ಇದ್ದದ್ದು ಎರಡು ಥರ್ಮಾಮೀಟರ್, ಒಂದು ನೋಟ್‌ಬುಕ್, ಅಷ್ಟೇ. ಮನೆಯಲ್ಲಿ ರೇಷ್ಮೆ ಸಾಕುತ್ತಾರೆ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ ಹುಳುವಿಗೆ 24 ಡಿಗ್ರಿ ಆಸುಪಾಸು ಹಿತ ಅಂತ ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಶೀಟಿನ ಮನೆ ಎಲ್ಲಿ ಅಷ್ಟಕ್ಕೆ ನಿಲ್ಲುತ್ತದೆ? ಅವಳ ಅಮ್ಮ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುತ್ತಾರೆ. ಇದರಿಂದ ನಿಜಕ್ಕೂ ತಂಪಾಗುತ್ತಾ, ಎಷ್ಟು ಆಗುತ್ತೆ ಅಂತ ಹುಡುಗಿಗೆ ಅನುಮಾನ. ಒಂದು ಕೋಣೆಗೆ ಕಟ್ಟಿ, ಇನ್ನೊಂದನ್ನು ಹಾಗೇ ಬಿಟ್ಟು, ದಿನಕ್ಕೆ ಮೂರು ಹೊತ್ತು ಎರಡೂ ಕಡೆ ನೋಡಿ ಬರೆದಿದ್ದಾಳೆ.

"ಮೋಡ ಮುಚ್ಚಿ ಮಳೆ ಬಂದ ದಿನ ಎರಡೂ ಕೋಣೆ ಒಂದೇ ಥರ ಇತ್ತು ಸರ್. ಯಾಕೆ ಅಂತ ಗೊತ್ತಾಗಲಿಲ್ಲ" ಅಂದಳು.

ವಿಜ್ಞಾನ ಅಂದರೆ ಇದೇ ಅಲ್ವಾ! ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಗೋಣಿಯ ನೀರು ಆವಿಯಾಗುವುದು ಕಡಿಮೆ. ಆವಿಯಾಗದೆ ತಂಪು ಎಲ್ಲಿಂದ ಬರಬೇಕು? ಅಂಥ ದಿನ ಒಳಗೆ ತೇವ ಇನ್ನೂ ಜಾಸ್ತಿಯಾದರೆ ಹುಳುವಿಗೆ ಸುಣ್ಣಕಟ್ಟು ಅನ್ನೋ ಶಿಲೀಂಧ್ರ ರೋಗದ ಭಯ ಬೇರೆ. ಅವಳು ಈ ಉತ್ತರದ ಬಾಗಿಲಲ್ಲೇ ನಿಂತಿದ್ದಳು. ಯಾರಾದರೂ ಇನ್ನೊಂದೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಕೇಳಿದ್ದು ಮಾಡೆಲ್ ಎಲ್ಲಿ ಅಂತ.

ಮೊದಲ ಬಹುಮಾನ ಥರ್ಮಾಕೋಲ್ ಜ್ವಾಲಾಮುಖಿಗೆ ಹೋಯಿತು. ಅಂಗಡಿಯಲ್ಲಿ ಮಾಡಿಸಿದ್ದು ಅಂತ ಹುಡುಗನೇ ಹೇಳಿದ. ಅಡುಗೆ ಸೋಡಾ ಬದಲು ಸಕ್ಕರೆ ಹಾಕಿದರೆ ಏನಾಗುತ್ತೆ ಅಂತ ಕೇಳಿದೆ. "ಅದು ಬರೆದುಕೊಟ್ಟಿಲ್ಲ ಸರ್" ಅಂದ. ಪಾಪ, ಅವನದೇನು ತಪ್ಪು? ಅವನಿಗೂ ನಾವು ಮೋಸ ಮಾಡಿದ್ದೇವೆ.

ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ ಮುದ್ದೇನಹಳ್ಳಿ ಇರುವುದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ. ಸೆಪ್ಟೆಂಬರ್ 15 ಬಂದರೆ ಸರ್ ಎಂವಿ ಫೋಟೋಗೆ ಹಾರ ಹಾಕದ ಶಾಲೆ ಇಲ್ಲ. ಅವರು ಮಾಡಿದ್ದೇನು ಅಂತ ಮಕ್ಕಳಿಗೆ ಹೇಳುತ್ತೇವಾ? ಪುಣೆ ಹತ್ತಿರದ ಖಡಕವಾಸ್ಲಾ ಅಣೆಕಟ್ಟೆಯಲ್ಲಿ 1903ರಲ್ಲಿ ಅವರು ರೂಪಿಸಿದ ಗೇಟುಗಳನ್ನು ಕೂರಿಸಿದರು. ನೀರು ಒಂದು ಮಟ್ಟ ದಾಟಿದರೆ ತಾವೇ ತೆರೆದುಕೊಳ್ಳುತ್ತವೆ, ಇಳಿದರೆ ತಾವೇ ಮುಚ್ಚಿಕೊಳ್ಳುತ್ತವೆ. ಕಟ್ಟೆ ಎತ್ತರಿಸದೆ ಜಾಸ್ತಿ ನೀರು ನಿಲ್ಲಿಸಬಹುದು. ಸುಮ್ಮನೆ ಹರಿದುಹೋಗುವ ನೀರನ್ನು ನೋಡಿ ಯೋಚಿಸಿದವರು ಅವರು. ಗೋಣಿತಾಟು ನೋಡಿ ಯೋಚಿಸಿದ ಹುಡುಗಿಗೆ ಅದೇ ಜಿಲ್ಲೆಯಲ್ಲಿ ಒಂದು ಸಮಾಧಾನಕರ ಬಹುಮಾನವೂ ಇಲ್ಲ. ಗೌರಿಬಿದನೂರಿನ ಹೊಸೂರಲ್ಲಿ ಹುಟ್ಟಿದ ಶಿಕ್ಷಣ ತಜ್ಞ ಎಚ್. ನರಸಿಂಹಯ್ಯನವರು ಜೀವನಪೂರ್ತಿ ಪ್ರಶ್ನೆ ಕೇಳಿ, ಪ್ರಶ್ನೆ ಕೇಳಿ ಅಂತ ಹೇಳಿಕೊಂಡೇ ಬಂದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅವರ ಮಾತು ಅವರ ಊರಿನ ಸುತ್ತಮುತ್ತಲೇ ಬೇರೂರಲಿಲ್ಲವಲ್ಲ ಅನ್ನೋದು ನನ್ನ ಹೊಟ್ಟೆಯುರಿ.

ಹಳ್ಳಿ ಶಾಲೆಯಲ್ಲಿ ಸೌಲಭ್ಯ ಎಲ್ಲಿದೆ ಅಂತ ಕೆಲವರು ಕೇಳುತ್ತೀರಿ. ಮಕ್ಕಳು ತಾವೇ ಮಾಡಿ ಕಲಿಯಲಿ ಅಂತ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಮಾಡಲು ಕೇಂದ್ರ ಸರ್ಕಾರದಿಂದ 20 ಲಕ್ಷದವರೆಗೆ ಅನುದಾನ ಸಿಗುತ್ತದೆ. ಸಿಕ್ಕಿದ ಮೇಲೆ, ಮಕ್ಕಳು ಹಾಳುಮಾಡುತ್ತಾರೆ ಅಂತ ಬೀಗ ಹಾಕಿಟ್ಟದ್ದನ್ನು ಕಣ್ಣಾರೆ ಕಂಡಿದ್ದೇನೆ. ಎರಡು ಥರ್ಮಾಮೀಟರಿಗೆ ಯಾವ ಸೌಲಭ್ಯ ಬೇಕು ಹೇಳಿ? ಇನ್ನು ಸಿಇಟಿ, ನೀಟ್ ಮುಖ್ಯ ಅನ್ನುವವರಿಗೆ: ಎಂಟನೇ ತರಗತಿ ಮಗು ಹುಳು ಮನೆಯಲ್ಲಿ ಉಷ್ಣಾಂಶ ನೋಡಿ ಬರೆದರೆ ಯಾವ ಸೀಟೂ ತಪ್ಪಿಹೋಗುವುದಿಲ್ಲ.

ಮುಂದೆ ಪ್ರದರ್ಶನಗಳಿಗೆ ತೀರ್ಪುಗಾರರಾಗಿ ಹೋಗುವ ಗೆಳೆಯರೇ, ದಯವಿಟ್ಟು ಅಂದಚೆಂದಕ್ಕೆ ಅಂಕ ಕೊಡಬೇಡಿ. ನೀನೇ ಏನು ಮಾಡಿದೆ, ಎಲ್ಲಿ ಕೆಟ್ಟಿತು, ಆಮೇಲೆ ಏನು ಬದಲಾಯಿಸಿದೆ ಅಂತ ಕೇಳಿ. ಮೇಷ್ಟ್ರುಗಳೇ, ಕೇಂದ್ರ ಸರ್ಕಾರದ ಇನ್‌ಸ್ಪೈರ್ ಮಾನಕ್ ಯೋಜನೆಗೆ ಮಕ್ಕಳ ಐಡಿಯಾ ಕಳಿಸುವಾಗ ಯೂಟ್ಯೂಬ್ ಹುಡುಕಬೇಡಿ. ಆಯ್ಕೆಯಾದರೆ ಮಗುವಿಗೆ 10,000 ರೂಪಾಯಿ ಸಿಗುತ್ತದೆ. ಮೊದಲು ಅವರ ಹುಳು ಮನೆಗೆ, ಟೊಮೇಟೊ ತೋಟಕ್ಕೆ, ಹಟ್ಟಿಗೆ ಹೋಗಿ, ಅಲ್ಲಿ ಏನು ಕಷ್ಟ ಇದೆ ಅಂತ ಅವರನ್ನೇ ಕೇಳಿ.