ಮೊದ್ಲು ಟೀವಿ ಬಂದ್ ಮಾಡಿ
ನೇವಿಯಲ್ಲಿರುವ ಮಕ್ಕಳ ಅಪ್ಪ ಅಮ್ಮ ದಿನಾ ವಿಡಿಯೋ ಕಾಲ್ ಮಾಡಿ ಧೈರ್ಯ ತಗೊಳ್ಬಹುದು ಅಂತ ಬರ್ದಿದ್ದೀರಿ, ಹಡಗು ನಡುಗಡಲಿಗೆ ಹೋದ್ಮೇಲೆ ನೆಟ್‌ವರ್ಕ್ ಎಲ್ಲಿಂದ ಮಾರಾಯ್ರೆ? 2008ರಿಂದ ನಮ್ಮ ನೇವಿ ಯೆಮನ್, ಸೊಮಾಲಿಯಾ ನಡುವಿನ ಏಡನ್ ಕೊಲ್ಲಿಯಲ್ಲಿ ಕಡಲ್ಗಳ್ಳರ ಕಾವಲಿಗೆ ಉಂಟು. 2024ರ ಮಾರ್ಚಲ್ಲಿ ನೇವಿಯ ಐಎನ್‌ಎಸ್ ಕೋಲ್ಕತಾ ಯುದ್ಧನೌಕೆಯವ್ರು ಕಡಲ್ಗಳ್ಳರು ಹಿಡ್ಕೊಂಡಿದ್ದ ರುಯೆನ್ ಹಡಗಿಂದ 17 ಜನರನ್ನ ಬಿಡಿಸಿ 35 ಕಳ್ಳರನ್ನ ಹಿಡಿದ್ರಲ್ಲ, ಆಗ ನನ್ನ ಮಗನೂ ಕಡಲಲ್ಲೇ, ಯಾವ ಕಡೆ ಅಂತ ಗೊತ್ತಿಲ್ಲ, ಟೀವಿ ನೋಡಿ ನೋಡಿ ಅನ್ನ ಇಳಿಯುದಿಲ್ಲ. ಕುಂದಾಪುರದ ಒಬ್ರು ಅಕ್ಕ, ಅವ್ರ ಮಗನೂ ನೇವಿಯೇ, ಫೋನ್ ಮಾಡಿ ಮೊದ್ಲು ಟೀವಿ ಬಂದ್ ಮಾಡಿ ಊಟ ಮಾಡಿ ಅಂತ ಜೋರು ಮಾಡಿದ್ರು. ಈಗ ನಾವು ಉಡುಪಿ ಕಡೆಯ ನಾಲ್ಕೈದು ಮನೆಯವ್ರು, ಯಾರ ಮಗ ಫೋನ್ ಮಾಡಿದ್ರೂ ಉಳಿದವ್ರಿಗೆ ಹೇಳುದು. ಹಡಗು ಎಲ್ಲುಂಟು ಅಂತ ಮಾತ್ರ ವಾಟ್ಸಾಪಲ್ಲಿ ಹಾಕ್ಲಿಕ್ಕಿಲ್ಲ, ಒಬ್ರು ಖುಷಿಯಲ್ಲಿ ಹಾಕಿದ್ರು, ಅಕ್ಕ ಕೂಡ್ಲೇ ಡಿಲೀಟ್ ಮಾಡಿಸಿದ್ರು.