ಮಂಡಿ ಊತಕ್ಕೆ ಗಿಡಮೂಲಿಕೆ ನೆಚ್ಚಿಕೊಳ್ಳಬಹುದಾ?

ಪರ

ತುಮಕೂರು ಜಿಲ್ಲೆಯ ಕೊರಟಗೆರೆ ಕಡೆ ಅಡಿಕೆ ಸುಲಿಯುವ ಕಾಲ ಬಂತೆಂದರೆ ಮಂಡಿನೋವೂ ಬಂತು. ದಿನವಿಡೀ ಕೂತು ಸುಲಿದವರು ರಾತ್ರಿ ಎಕ್ಕದ ಎಲೆಗೆ ಹರಳೆಣ್ಣೆ ಸವರಿ, ಕಾದ ಹೆಂಚಿನ ಮೇಲೆ ಬಾಡಿಸಿ, ಹಳೇ ಪಂಚೆಯ ತುಂಡಲ್ಲಿ ಮಂಡಿಗೆ ಕಟ್ಟಿಕೊಳ್ಳುತ್ತಾರೆ. ಇಲ್ಲವೇ ಬೇಲಿಯ ಲಕ್ಕಿಸೊಪ್ಪು ಕುದಿಸಿ ಶಾಖ ಕೊಡುತ್ತಾರೆ. ಸಿದ್ಧರಬೆಟ್ಟದ ಗಿಡಮೂಲಿಕೆಗಳ ಹೆಸರು ಕೇಳಿಕೊಂಡೇ ಬೆಳೆದ ಊರುಗಳಿವು.

ಇದೆಲ್ಲ ಸುಮ್ನೆ ನಂಬಿಕೆ ಅನ್ನುವವರು ಆಸ್ಪಿರಿನ್ ಕಥೆ ನೋಡಲಿ. ವಿಲೋ ಮರದ ತೊಗಟೆಯಿಂದ ಶುರುವಾದ ಹುಡುಕಾಟ 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಗೆ ಆಸ್ಪಿರಿನ್ ಕೊಟ್ಟಿತು. ಅದು ಊತವನ್ನು ಹೇಗೆ ತಡೆಯುತ್ತದೆ ಅಂತ ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಅಲ್ಲಿಯವರೆಗೆ ಜನ ಕಾರಣ ಗೊತ್ತಿಲ್ಲದೆಯೇ ನುಂಗಿದರು. ಸೊಪ್ಪಿಗೆ ಮಾತ್ರ ಯಾಕೆ ಇಷ್ಟು ತನಿಖೆ?

ತನಿಖೆಯೂ ಆಗಿದೆ ಬಿಡಿ. ಥಾಯ್ಲೆಂಡಿನಲ್ಲಿ ಮಂಡಿ ಸವೆದ 367 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆ 1,500 ಮಿ.ಗ್ರಾಂ ಅರಿಸಿನದ ಸಾರ, ಇನ್ನೊಂದಕ್ಕೆ ನೋವಿನ ಮಾತ್ರೆಯಾದ ಐಬುಪ್ರೊಫೆನ್ 1,200 ಮಿ.ಗ್ರಾಂ ಕೊಟ್ಟರು. ನಾಲ್ಕು ವಾರದ ಕೊನೆಗೆ ನೋವು ಇಳಿದದ್ದು ಹೆಚ್ಚುಕಡಿಮೆ ಒಂದೇ. ಹೊಟ್ಟೆಯ ತೊಂದರೆ ಮಾತ್ರ ಐಬುಪ್ರೊಫೆನ್ ನುಂಗಿದವರಿಗೆ ಜಾಸ್ತಿ. 2014ರಲ್ಲಿ ಪ್ರಕಟವಾದ ಅಧ್ಯಯನ ಇದು. ಅರಿಸಿನ ಮೈಗೆ ಅಷ್ಟಾಗಿ ಹತ್ತುವುದಿಲ್ಲ ಅನ್ನುವುದು ನಿಜ. ಆದರೆ ಕರಿಮೆಣಸಿನ ಪೈಪರಿನ್ ಜೊತೆಗಿದ್ದರೆ ಅರಿಸಿನದ ಸತ್ವವಾದ ಕರ್ಕ್ಯುಮಿನ್ ಹಲವು ಪಟ್ಟು ರಕ್ತ ಸೇರುತ್ತದೆ ಅಂತ 1998ರಲ್ಲಿ ತೋರಿಸಿದ್ದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ.

ನೋವಿನ ಮಾತ್ರೆಯನ್ನು ಚೀಟಿ ಇಲ್ಲದೆ ತಂದು ತಿಂಗಳುಗಟ್ಟಲೆ ನುಂಗಿ, ಹೊಟ್ಟೆಗೆ ಹುಣ್ಣು ಮಾಡಿಕೊಂಡು, ಕಿಡ್ನಿ ಕೆಡಿಸಿಕೊಳ್ಳುವುದಕ್ಕಿಂತ ಸೊಪ್ಪಿನ ಪಟ್ಟು ವಾಸಿ ಅಲ್ವಾ?

ವಿರೋಧ

ಎಕ್ಕದ ಎಲೆ ಕಟ್ಟಿಕೊಳ್ಳಿ, ನನ್ನ ತಕರಾರಿಲ್ಲ. ಅದರ ಹಾಲು ಕಣ್ಣಿಗೆ ಸಿಡಿಯದಿದ್ದರೆ ಸರಿ. ಶಾಖಕ್ಕೇ ಎಷ್ಟೋ ಹಾಯೆನಿಸುತ್ತದೆ. ನನ್ನ ಜಗಳ ಇರುವುದು ಕುಡಿಯುವ ಸಾರದ ಜೊತೆ.

'ಸಂಶೋಧನೆಯಲ್ಲಿ ಸಾಬೀತು' ಅನ್ನುತ್ತಾರಲ್ಲ, ಅದರಲ್ಲಿ ಬಹುಪಾಲು ಇಲಿಯ ಪಾದ. 1962ರಿಂದ ನಡೆದುಬಂದ ಪರೀಕ್ಷೆ. ಕಡಲಪಾಚಿಯಿಂದ ತೆಗೆದ ಕ್ಯಾರಜೀನನ್ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಪಾದ ಊದುತ್ತದೆ. ಮೊದಲೇ ಸಾರ ಕುಡಿಸಿದ ಇಲಿಯ ಪಾದ ಎಷ್ಟು ಕಡಿಮೆ ಊದಿತು ಅಂತ ಅಳೆಯುತ್ತಾರೆ. ಆ ಸಾರವನ್ನು ತೆಗೆಯುವುದು ಬಹಳ ಸಲ ಮೆಥನಾಲ್ ಅನ್ನುವ ರಾಸಾಯನಿಕದಲ್ಲಿ, ನಮ್ಮ ಹಾಗೆ ನೀರಲ್ಲಿ ಕುದಿಸಿ ಅಲ್ಲ. ಕುಡಿಸುವುದೂ ಕೆಜಿ ತೂಕಕ್ಕೆ 200, 400 ಮಿ.ಗ್ರಾಂ ಲೆಕ್ಕದಲ್ಲಿ. ಇಲಿಯ ಪಾದ ಊದಿದ್ದು ಒಂದು ಮಧ್ಯಾಹ್ನದಲ್ಲಿ. ನಮ್ಮ ಮಂಡಿ ಸವೆದದ್ದು ಇಪ್ಪತ್ತು ವರ್ಷದಲ್ಲಿ.

ಥಾಯ್ಲೆಂಡಿನ ಅಧ್ಯಯನ ಗಟ್ಟಿಯಾದದ್ದೇ. ಆದರೆ ಅಲ್ಲಿ ಕೊಟ್ಟದ್ದು ಅಳೆದು ತುಂಬಿದ ಸಾರ. ಅಡುಗೆಮನೆಯ ಅರಿಸಿನದಲ್ಲಿ ಕರ್ಕ್ಯುಮಿನ್ ನೂರಕ್ಕೆ ಮೂರು ಪಾಲಿನ ಆಸುಪಾಸು. ಆ ಲೆಕ್ಕ ಮುಟ್ಟಬೇಕಾದರೆ ದಿನಾ ಹತ್ತಾರು ಗ್ರಾಂ ಪುಡಿ ತಿನ್ನಬೇಕು. ಪೈಪರಿನ್ ಕೂಡ ಬೇರೆ ಕೆಲವು ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸುತ್ತದೆ. ಬಿಪಿ, ಫಿಟ್ಸ್ ಮಾತ್ರೆ ನುಂಗುವವರು ಕೇಳಿಕೊಂಡೇ ಮುಂದುವರಿಯಬೇಕು.

ಅಮೃತಬಳ್ಳಿಯದು ಇನ್ನೊಂದು ಕಥೆ. ಕೊರೋನಾ ಕಾಲದಲ್ಲಿ ಮನೆಮನೆಯಲ್ಲೂ ಕುಡಿದರು. 2021ರಲ್ಲಿ ಮುಂಬೈ ವೈದ್ಯರು ಅದನ್ನು ಕುಡಿದವರಲ್ಲಿ ಲಿವರ್ ಕೆಟ್ಟದ್ದನ್ನು ವರದಿ ಮಾಡಿದರು. ಅದು ಬೇರೆ ಬಳ್ಳಿ ಇದ್ದೀತು ಅಂತ ಆಯುಷ್ ಸಚಿವಾಲಯ ತಕರಾರು ತೆಗೆಯಿತು. ಇರಲಿ, ಹಾಗಾದರೆ ಸಂತೆಯಲ್ಲಿ ಕಟ್ಟು ಕಟ್ಟಿ ಮಾರುವಾಗ ಯಾವ ಬಳ್ಳಿ ಅಂತ ನೋಡುವವರು ಯಾರು? ಮೂರೇ ದಿನಕ್ಕೆ ಊತ ಪೂರ್ತಿ ಇಳಿಸುವ ಹೆಸರಿಲ್ಲದ ಪುಡಿ ಕಂಡರಂತೂ ನನಗೆ ಮೊದಲು ನೆನಪಾಗುವುದು ಸ್ಟೀರಾಯ್ಡ್. ಇಂಥ ಪುಡಿಗಳಲ್ಲಿ ಅದು ಸಿಕ್ಕಿದ್ದುಂಟು.

ಇನ್ನು ನಮ್ಮ ಜಿಲ್ಲೆಯದೇ ಮಾತು. ಪಾವಗಡದ ಕಡೆ ಕೀಲು ಬಿಗಿಯುವುದಕ್ಕೆ ಬೋರ್‌ವೆಲ್ ನೀರಿನ ಫ್ಲೋರೈಡೂ ಕಾರಣ ಇರಬಹುದು. ಲೀಟರಿಗೆ 1.5 ಮಿ.ಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲು ಕಂದಾಗುತ್ತದೆ. ಪ್ರಮಾಣ ಇನ್ನೂ ಜಾಸ್ತಿಯಿದ್ದರೆ ಮೂಳೆಗೂ ಇಳಿಯುತ್ತದೆ. ಆಗ ಬೆನ್ನು ಬಗ್ಗುವುದಿಲ್ಲ, ಮಂಡಿ ಮಡಚುವುದಿಲ್ಲ. ಅದನ್ನು ಯಾವ ಸೊಪ್ಪೂ ತೆಗೆಯುವುದಿಲ್ಲ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ, ನೀರಷ್ಟೇ ಆವಿಯಾಗುತ್ತದೆ. ಅದೇ ನೀರಲ್ಲಿ ಕಷಾಯ ಕಾಯಿಸಿ ನಾಲ್ಕು ಲೋಟವನ್ನು ಒಂದಕ್ಕೆ ಇಳಿಸಿದರೆ, ನಾಲ್ಕು ಲೋಟದ ಫ್ಲೋರೈಡೂ ಆ ಒಂದರಲ್ಲೇ ಉಳಿಯುತ್ತದೆ.