ಮೊಸಳೆ ಇದೆ ಅಂತ ಗೊತ್ತಿದ್ದೂ ನೀರಿಗಿಳಿದರೆ ತಪ್ಪು ಯಾರದ್ದು?

ಪರ: ಇಳಿದವರದ್ದೇ

ಉತ್ತರ ಆಸ್ಟ್ರೇಲಿಯಾದ ಕಕಾಡು ರಾಷ್ಟ್ರೀಯ ಉದ್ಯಾನದಲ್ಲಿ ಕಾಹಿಲ್ಸ್ ಕ್ರಾಸಿಂಗ್ ಅಂತ ಒಂದು ಜಾಗ ಇದೆ. ನದಿಗೆ ಅಡ್ಡಲಾಗಿ ಹಾಕಿದ ತಗ್ಗು ಕಾಂಕ್ರೀಟ್ ದಾರಿ. ಸಮುದ್ರದ ಉಬ್ಬರ ಒಳಕ್ಕೆ ಬಂದಾಗ ದಾರಿಯ ಮೇಲೇ ನೀರು ಹರಿಯುತ್ತದೆ. ನೀರಿನ ಜೊತೆ ಮೀನು ಬರುತ್ತವೆ, ಮೀನಿನ ಬೆನ್ನಿಗೇ ಉಪ್ಪುನೀರಿನ ಮೊಸಳೆಗಳು ಬರುತ್ತವೆ. ಎಚ್ಚರಿಕೆ ಬೋರ್ಡ್ ಅಲ್ಲೇ ಇದೆ. ಮೊಸಳೆಗಳೂ ಕಣ್ಣೆದುರೇ ಇವೆ. ಆದರೂ ಜನ ಆ ನೀರಲ್ಲಿ ನಡೆದು ದಾಟುತ್ತಾರೆ, ಅಂಚಲ್ಲಿ ನಿಂತು ಗಾಳ ಹಾಕುತ್ತಾರೆ. 1987ರಲ್ಲಿ ಒಬ್ಬರು, 2017ರಲ್ಲಿ ಇನ್ನೊಬ್ಬರು ಅಲ್ಲಿ ಮೊಸಳೆಗೆ ಬಲಿಯಾದರು. ಇಂಥ ಕಡೆ ಗೊತ್ತಿರಲಿಲ್ಲ ಅನ್ನುವ ಸಬೂಬು ನಡೆಯುವುದಿಲ್ಲ.

ಜನ ಯಾಕೆ ಹೀಗೆ ಮೈಮರೆಯುತ್ತಾರೆ? ಮೊಸಳೆ ದಿನವಿಡೀ ದಡದಲ್ಲಿ ಬಾಯಿ ತೆರೆದುಕೊಂಡು ಸುಮ್ನೆ ಬಿದ್ದಿರುತ್ತದೆ. ಅದು ತಣ್ಣನೆ ರಕ್ತದ ಪ್ರಾಣಿ, ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ನೋಡಿದವರು ಇದೊಂದು ಸೋಮಾರಿ ಅಂದುಕೊಳ್ಳುತ್ತಾರೆ. 'ಇಷ್ಟು ವರ್ಷದಿಂದ ಇಲ್ಲೇ ಇದೆ, ಯಾರಿಗೂ ಏನೂ ಮಾಡಿಲ್ಲ' ಅನ್ನುವ ಮಾತು ಹುಟ್ಟುವುದು ಹೀಗೆ. ಇದಕ್ಕಿಂತ ಅಪಾಯದ ಮಾತು ಇನ್ನೊಂದಿಲ್ಲ. ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ಅದರ ತಲೆಯ ಮೇಲ್ಭಾಗದಲ್ಲೇ ಇವೆ. ಅಷ್ಟನ್ನು ಮಾತ್ರ ಹೊರಗಿಟ್ಟು ಉಳಿದ ಮೈಯನ್ನೆಲ್ಲ ಕೆಸರು ನೀರಲ್ಲಿ ಅಡಗಿಸಿಕೊಂಡು ಅದು ನಮ್ಮನ್ನು ಗಮನಿಸುತ್ತಿರುತ್ತದೆ. ದಿನವೂ ಒಂದೇ ಜಾಗದಲ್ಲಿ ನೀರಿಗೆ ಹೋಗಬೇಡಿ ಅಂತ ಅರಣ್ಯ ಸಿಬ್ಬಂದಿ ಹೇಳುವುದು ಇದಕ್ಕೇ. ಮೀನಿನ ತ್ಯಾಜ್ಯ ಎಸೆಯುವವರು, ಫೋಟೋಗೋಸ್ಕರ ಮಾಂಸ ತೋರಿಸಿ ಕರೆಯುವವರು ಇನ್ನೂ ದೊಡ್ಡ ಅನ್ಯಾಯ ಮಾಡುತ್ತಾರೆ. ಮನುಷ್ಯ ಕಂಡರೆ ಊಟ ಅನ್ನುವುದನ್ನು ಅದಕ್ಕೆ ಕಲಿಸಿಕೊಡುತ್ತಾರೆ.

2016ರಲ್ಲಿ ಕ್ವೀನ್ಸ್‌ಲ್ಯಾಂಡಿನ ಡೈಂಟ್ರೀ ಕಡಲತೀರದಲ್ಲಿ ರಾತ್ರಿ ನೀರಿಗಿಳಿದ ಒಬ್ಬ ಹೆಣ್ಣುಮಗಳನ್ನು ಮೊಸಳೆ ಎಳೆದುಕೊಂಡು ಹೋಯಿತು. ಮನುಷ್ಯರ ಮೂರ್ಖತನಕ್ಕೆ ಕಾನೂನು ಮಾಡಲು ಆಗುವುದಿಲ್ಲ ಎಂದರು ಅಲ್ಲಿನ ಸಂಸದ ವಾರೆನ್ ಎಂಟ್ಷ್. ಸಾವಿನ ಮನೆ ಮುಂದೆ ಆಡಬಾರದಿದ್ದ ಕಟು ಮಾತು ಅದು. ಆದರೆ ಸುಳ್ಳಲ್ಲ. ಒಂದೊಂದು ಸಾವಾದಾಗಲೂ ಮೊಸಳೆಗಳನ್ನು ಕೊಲ್ಲಿ ಅನ್ನುವ ಕೂಗು ಏಳುತ್ತದೆ. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ 1971ರಲ್ಲಿ ಬೇಟೆ ನಿಲ್ಲಿಸಿದಾಗ ಉಳಿದಿದ್ದದ್ದು ಸುಮಾರು 3,000 ಮೊಸಳೆ. ಈಗ ಅಲ್ಲಿ ಸುಮಾರು 1,00,000 ಇವೆ. ಹೀಗೆ ಉಳಿಸಿಕೊಂಡ ಜೀವಗಳು ಯಾರದೋ ಉಡಾಫೆಗೆ ಬೆಲೆ ತೆರಬೇಕಾ?

ವಿರೋಧ: ಬೇರೆ ದಾರಿ ಇಲ್ಲದವರನ್ನು ಬೈಯಬೇಡಿ

ಮೇಲಿನದೆಲ್ಲ ವಿಹಾರಕ್ಕೆ ಹೋದವರ ಕಥೆ. ಅವರ ಮಟ್ಟಿಗೆ ನಾನೂ ಒಪ್ಪುತ್ತೇನೆ. ಆದರೆ ಆಫ್ರಿಕಾದ ನದಿಗಳ ಪಕ್ಕದಲ್ಲಿ, ಒಡಿಶಾದ ಹಿನ್ನೀರಿನ ಹಳ್ಳಿಗಳಲ್ಲಿ ಮೊಸಳೆಗೆ ಸಿಕ್ಕುವವರು ಎಂಥವರು? ಕೊಡ ಹಿಡಿದು ನೀರಿಗೆ ಬಂದವರು, ಪಾತ್ರೆ ತೊಳೆಯುತ್ತಿದ್ದವರು, ಸ್ನಾನಕ್ಕಿಳಿದವರು, ಏಡಿ ಹಿಡಿಯುತ್ತಿದ್ದವರು. ಅಪಾಯ ಎಂಥದ್ದು ಅಂತ ಅವರಿಗೆ ಬೋರ್ಡ್ ಹೇಳಿಕೊಡಬೇಕಾಗಿಲ್ಲ. ಪಕ್ಕದ ಮನೆಯವರನ್ನೇ ಮೊಸಳೆಗೆ ಕಳೆದುಕೊಂಡ ಊರುಗಳವು. ಬೋರ್ಡ್ ಓದಿ ವಾಪಸ್ ಹೋದರೆ ಅಡುಗೆಗೆ ನೀರು ಎಲ್ಲಿಂದ ಬರಬೇಕು?

ಒಡಿಶಾದ ಭಿತರ್‌ಕನಿಕಾದಲ್ಲಿ 1975ರಲ್ಲಿ ಮೊಸಳೆ ಉಳಿಸುವ ಯೋಜನೆ ಶುರುವಾಯಿತು. ಆಗ ನೂರರ ಆಸುಪಾಸು ಇದ್ದವು, ಈಗ 1,700ಕ್ಕೂ ಜಾಸ್ತಿ ಇವೆ. ಹೆಮ್ಮೆಪಡುವ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊಸಳೆ ಬೆಳೆಸಿದವರು ದಡದ ಮನೆಗಳಿಗೆ ನಲ್ಲಿ, ಬಚ್ಚಲು ಕೊಡುವುದನ್ನೂ ಅದೇ ಯೋಜನೆಯ ಭಾಗ ಅಂದುಕೊಳ್ಳಬೇಕಿತ್ತು. ಅಲ್ಲಿ ಈಗ ಕೆಲವು ಸ್ನಾನಘಟ್ಟಗಳಿಗೆ ಬೇಲಿ ಹಾಕಿದ್ದಾರೆ. ಶ್ರೀಲಂಕಾದಲ್ಲಿ ಇದು ಹಳೇ ರೂಢಿ. ನದಿ ಅಂಚಲ್ಲಿ ಗಟ್ಟಿ ಗೂಟಗಳನ್ನು ಒತ್ತೊತ್ತಾಗಿ ನೆಟ್ಟು ಒಂದು ಕೋಣೆಯಷ್ಟು ನೀರನ್ನು ಬೇರೆ ಮಾಡುತ್ತಾರೆ. ಅದಕ್ಕೆ 'ಕಿಂಬುಲ ಕೊಟುವ' ಅನ್ನುತ್ತಾರೆ. ಒಳಗೆ ಜನ ಸ್ನಾನ ಮಾಡುತ್ತಾರೆ, ಮೊಸಳೆ ಆಚೆ ಇರುತ್ತದೆ. ಗೂಟ ಕೊಳೆತರೆ ಬದಲಿಸಬೇಕು, ಸಂದು ಬಿಡಬಾರದು. ಇಷ್ಟು ಸರಳವಾದದ್ದನ್ನೂ ಮಾಡಿಕೊಡದೆ ಸತ್ತವರ ಅಜಾಗರೂಕತೆ ಅಂದುಬಿಡುವುದು ಕ್ರೂರ.

ಗುಜರಾತಿನ ಚರೋತರ್ ಪ್ರದೇಶದ ಹಳ್ಳಿ ಕೆರೆಗಳಲ್ಲಿ ಸಿಹಿನೀರಿನ ಮೊಸಳೆಗಳಿವೆ. ಅದೇ ಕೆರೆಯಲ್ಲಿ ಜನ ಬಟ್ಟೆ ಒಗೆಯುತ್ತಾರೆ, ಎಮ್ಮೆಗಳು ಈಜುತ್ತವೆ. ಖೋಡಿಯಾರ್ ಮಾತೆಯ ವಾಹನ ಮೊಸಳೆ, ಹಾಗಾಗಿ ಅದರ ಮೇಲೆ ಭಕ್ತಿಯೂ ಇದೆ. ಹೊರಗಿನವರಿಗೆ ಇದು ಹುಂಬತನವಾಗಿ ಕಾಣುತ್ತದೆ. ಅಲ್ಲಿನವರಿಗೋ ಕೆರೆಯ ಮೊಸಳೆಗಳ ಓಡಾಟ ಚೆನ್ನಾಗಿ ಗೊತ್ತು. ಹಾಗಂತ ಅಲ್ಲಿ ನಡೆದದ್ದು ಭಿತರ್‌ಕನಿಕಾದಲ್ಲೂ ನಡೆಯುತ್ತದೆ ಅನ್ನಬಾರದು. ಉಪ್ಪುನೀರಿನ ಮೊಸಳೆ ಅದಕ್ಕಿಂತ ಎಷ್ಟೋ ದೊಡ್ಡದು, ಸಿಟ್ಟಿನದ್ದು.

ಬೇಲಿಯೂ ಸಾಲದ ಜಾಗಗಳಿವೆ. ಸುಂದರಬನದಲ್ಲಿ ಹೆಂಗಸರು ಸಣ್ಣ ಕಣ್ಣಿನ ಬಲೆ ಎಳೆಯುತ್ತಾ ಸೊಂಟದವರೆಗಿನ ನೀರಲ್ಲಿ ಗಂಟೆಗಟ್ಟಲೆ ನಡೆಯುತ್ತಾರೆ. ಸಿಗಡಿ ಮರಿಗಳನ್ನು ಹಿಡಿದು ಮಾರಲು. ಮೊಸಳೆ ಎಲ್ಲಿರುತ್ತದೋ ಅಲ್ಲೇ ಅವರ ಕೂಲಿ ಇದೆ. ನೀರಿಗಿಳಿಯಬೇಡಿ ಅನ್ನುವವರು ಅವರಿಗೆ ದಡದ ಮೇಲೆ ಯಾವ ಕೆಲಸ ಕೊಡುತ್ತಾರೆ ಅನ್ನುವುದನ್ನೂ ಹೇಳಬೇಕು.